‘ಇರಬಹುದು’ ಎಂಬ ಉತ್ತರಕ್ಕೂ ಅಂಕ ಬೇಕು

ಬೋಧನಾಭ್ಯಾಸದ ಮೂರನೇ ವಾರ, ಹತ್ತನೇ ತರಗತಿ, ಹೃದಯದ ಪಾಠ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ್, ಕೆಲಸ ಜಾಸ್ತಿ ಆಯ್ತು ಅಂತ ಹೃದಯಕ್ಕೆ ಹೇಗೆ ಗೊತ್ತಾಗುತ್ತೆ?” ಬಿಎಸ್ಸಿಯಲ್ಲಿ ಓದಿದ್ದ ಕಾರ್ಪ್ ನೆನಪಾಯಿತು. (ಮೀನಲ್ಲ, ಕಾರ್ಡಿಯಾಕ್ ಆಂಕಿರಿನ್ ರಿಪೀಟ್ ಪ್ರೋಟೀನ್.) “ಅದನ್ನು ತಿಳಿಸುವುದು ಕಾರ್ಪ್” ಎಂದು ಹಲಗೆಯ ಮೇಲೆ ಬರೆದೇಬಿಟ್ಟೆ. ಅವಲೋಕನ ಪುಸ್ತಕದಲ್ಲಿ ‘ವಿಷಯಜ್ಞಾನ ಉತ್ತಮ’ ಎಂಬ ಷರಾ ಬಂತು. ನಿಜ ಹೇಳಬೇಕೆಂದರೆ, ಆ ಷರಾ ನನಗೆ ಸಲ್ಲಬಾರದಿತ್ತು.

ಆಂಕಿರಿನ್ ರಿಪೀಟ್ ಎಂದರೆ ಸುಮಾರು 33 ಅಮೈನೋ ಆಮ್ಲಗಳ ಒಂದು ತುಂಡು. ಅದೇ ವಿನ್ಯಾಸ ಒಂದರ ಪಕ್ಕ ಒಂದು ಮರುಕಳಿಸಿ, ಬೇರೆ ಪ್ರೋಟೀನುಗಳು ಬಂದು ಅಂಟಿಕೊಳ್ಳಲು ಜಾಗ ಒದಗಿಸುತ್ತದೆ. ಕಾರ್ಪ್ ಹೃದಯಸ್ನಾಯುವಿನಲ್ಲಿ ಟೈಟಿನ್ ಎಂಬ ಸ್ಪ್ರಿಂಗಿನಂಥ ದೈತ್ಯ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಕೋಶಕೇಂದ್ರದಲ್ಲೂ ಕಾಣಸಿಗುತ್ತದೆ. ಹೃದಯದ ಮೇಲೆ ಒತ್ತಡ ಬಿದ್ದಾಗ ಅದರ ಪ್ರಮಾಣ ಏರುತ್ತದೆ. ಎಳೆತದ ಸುದ್ದಿಯನ್ನು ಜೀನುಗಳಿಗೆ ಮುಟ್ಟಿಸುವ ದೂತ ಇದೇ ಇರಬೇಕು ಎಂಬ ಊಹೆ ಹುಟ್ಟಿದ್ದು ಇದರಿಂದ. ಚೆಂದದ ಊಹೆ. ನಾನು ಮರುಳಾದದ್ದೂ ಅದಕ್ಕೇ.

ಆದರೆ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾರ್ಪ್ ಮತ್ತು ಅದರ ಇಬ್ಬರು ದಾಯಾದಿಗಳ ಜೀನುಗಳನ್ನು ಇಲಿಗಳಿಂದ ತೆಗೆದುಹಾಕಿದರು. ಇಲಿಗಳ ಹೃದಯ ಸರಿಯಾಗಿಯೇ ಬೆಳೆಯಿತು. ಒತ್ತಡ ಹೇರಿದಾಗಲೂ ಮಾಮೂಲಿ ಇಲಿಗಳ ಹೃದಯದಂತೆಯೇ ವರ್ತಿಸಿತು. ಹಾಗೆಂದು ಕಾರ್ಪ್ ನಿರುಪಯೋಗಿ ಎನ್ನಲೂ ಬಾರದು: ಹೃದಯಸ್ನಾಯುವಿನ ಕಾಯಿಲೆಯಿರುವ ಕೆಲವು ರೋಗಿಗಳಲ್ಲಿ ಇದೇ ಜೀನಿನ ಬದಲಾವಣೆಗಳು ಸಿಕ್ಕಿವೆ. ಒತ್ತಡದಲ್ಲಿ ಏರುವುದು ಬೇರೆ, ಒತ್ತಡವನ್ನು ತಿಳಿಸುವುದು ಬೇರೆ. ಮಳೆ ಬಂದಾಗ ಕೊಡೆಗಳು ಹೆಚ್ಚುತ್ತವೆ. ಮಳೆ ತರಿಸುವುದು ಕೊಡೆಯಲ್ಲ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ರಚನೆ’, ‘ಕಾರ್ಯ’ ಎಂದು ಎರಡು ಅಂಕಣ ಹಾಕುತ್ತೇವೆ. ಎರಡನೆಯದರಲ್ಲಿ ಎಲ್ಲ ವಾಕ್ಯವೂ ‘ಮಾಡುತ್ತದೆ’ ಎಂದೇ ಮುಗಿಯಬೇಕು. ಕನ್ನಡದಲ್ಲಿ ‘ಬಹುದು’ ಎಂಬ ಪ್ರತ್ಯಯ ಸಿದ್ಧವಾಗಿದೆ, ನಾವು ಬಳಸುವುದಿಲ್ಲ. ಬಳಸಿದರೆ ತಯಾರಿ ಸಾಲದು ಎಂಬ ಷರಾ ಬಂದೀತೆಂಬ ಭಯ. ಹೃದಯ ರಕ್ತವನ್ನು ಪಂಪ್ ಮಾಡುತ್ತದೆ ಎಂಬಲ್ಲಿ ‘ಬಹುದು’ ಬೇಡ, ಒಪ್ಪುತ್ತೇನೆ. ಇನ್ನೂ ತೀರ್ಮಾನವಾಗದ ಕಡೆ ಬೇಕೇ ಬೇಕು.

ಮರುದಿನ ಹಲಗೆಯ ಮೇಲೆ ನನ್ನ ವಾಕ್ಯವನ್ನು ತಿದ್ದಿ, ಇಲಿಗಳ ಪ್ರಯೋಗ ಹೇಳಿದೆ. ಏಳು ನಿಮಿಷ ಹೋಯಿತು, ಮೌಲ್ಯಮಾಪನದ ಹಂತ ಉಳಿದೇಹೋಯಿತು. ಆ ಹುಡುಗಿ, “ಹಾಗಾದ್ರೆ ಇನ್ನೂ ಯಾರಾದ್ರೂ ಹುಡುಕ್ತಾ ಇದ್ದಾರಾ ಸರ್?” ಎಂದಳು. ಅವಲೋಕಿಸುವ ಗುರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಆ ಏಳು ನಿಮಿಷವನ್ನು ಸಮಯಪಾಲನೆಯ ದೋಷವೆಂದು ಬರೆಯಬೇಡಿ.