ಕಾರಿನ ಬುದ್ಧಿ ಬದಲಾದರೆ ಹೊಣೆ ಯಾರದು?

ತಣಿಸಂದ್ರ ಮುಖ್ಯರಸ್ತೆಯಲ್ಲಿ ಬೆಳಗಿನ ಎಂಟೂವರೆಯ ಹೊತ್ತಿಗೆ ಕಾರು ನಡೆಸಿದವರಿಗೆ, ಚಾಲನೆ ಎಂಬುದು ಕೈಕಾಲುಗಳ ಕೆಲಸಕ್ಕಿಂತ ಹೆಚ್ಚಾಗಿ ಊಹೆಯ ಕೆಲಸ ಎಂಬುದು ಚೆನ್ನಾಗಿ ಗೊತ್ತು. ನಾಗವಾರದ ಕಡೆಯಿಂದ ಹೆಗಡೆ ನಗರದತ್ತ ಸಾಗುವ ಈ ದಾರಿಯಲ್ಲಿ ಅಪಾರ್ಟ್‌ಮೆಂಟುಗಳಿಗೆ ನೀರು ಹೊತ್ತ ಟ್ಯಾಂಕರುಗಳು, ಮಾನ್ಯತಾ ಟೆಕ್ ಪಾರ್ಕಿನತ್ತ ಧಾವಿಸುವ ಕ್ಯಾಬುಗಳು, ಶಾಲಾ ವ್ಯಾನುಗಳು, ಎದುರು ದಿಕ್ಕಿನಿಂದಲೇ ನುಗ್ಗಿ ಬರುವ ದ್ವಿಚಕ್ರ ವಾಹನಗಳು, ಪಾದಚಾರಿ ಮಾರ್ಗ ಕಾಣದೆ ರಸ್ತೆಗಿಳಿದ ಜನ ಎಲ್ಲರೂ ಒಂದೇ ಪ್ರವಾಹದಲ್ಲಿ ಸೇರಿಕೊಂಡಿರುತ್ತಾರೆ. ನಿಂತ ಟ್ಯಾಂಕರಿನ ಮರೆಯಿಂದ ಯಾರಾದರೂ ಹೊರಬಂದೇ ಬರುತ್ತಾರೆಂದು ಇಲ್ಲಿನ ಚಾಲಕ ಮೊದಲೇ ಬ್ರೇಕಿನ ಮೇಲೆ ಕಾಲಿಟ್ಟಿರುತ್ತಾನೆ. ಯಾವ ಡ್ರೈವಿಂಗ್ ಸ್ಕೂಲೂ ಹೇಳಿಕೊಡದ ಈ ವಿದ್ಯೆಯನ್ನು ಈಗ ಯಂತ್ರಕ್ಕೆ ಕಲಿಸುವ ಪ್ರಯತ್ನ ನಡೆದಿದೆ. ಕಲಿಸುವವರು ಯಾರು, ಕಲಿಯುವಾಗ ಯಂತ್ರ ತಪ್ಪಿದರೆ ಹೊಣೆ ಯಾರದು ಎಂಬ ಪ್ರಶ್ನೆಗಳನ್ನು ಮಾತ್ರ ನಾವಿನ್ನೂ ಗಂಭೀರವಾಗಿ ಕೇಳಿಕೊಂಡಿಲ್ಲ.

ನಮ್ಮ ಬಡಾವಣೆಯಲ್ಲಿ ಕಾರಿನ ತಂತ್ರಾಂಶವನ್ನು ರಸ್ತೆಯ ಮೇಲೆ ಪರೀಕ್ಷಿಸುವ ಕೆಲಸ ಮಾಡಿದ ಚಾಲಕರೊಬ್ಬರಿದ್ದಾರೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಕ್ಯಾಮೆರಾ, ರಾಡಾರ್‌ಗಳನ್ನು ಅಳವಡಿಸಿದ ಕಾರು. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಎಂಜಿನಿಯರ್. ಕಾರು ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ, ತಗ್ಗಿಸಿಕೊಳ್ಳುತ್ತದೆ, ಬ್ರೇಕ್ ಹಾಕಿಕೊಳ್ಳುತ್ತದೆ. ಅದು ತಪ್ಪಿದ ಕ್ಷಣದಲ್ಲಿ ಹಿಡಿತವನ್ನು ಕೈಗೆತ್ತಿಕೊಳ್ಳುವುದು ಚಾಲಕನ ಕರ್ತವ್ಯ. ಹೀಗೆ ಆತ ಕೈಹಾಕಿದ ಪ್ರತಿ ಸಂದರ್ಭವೂ ದಾಖಲಾಗುತ್ತದೆ. ಅದನ್ನು ಆಧರಿಸಿ ತಂತ್ರಾಂಶವನ್ನು ತಿದ್ದಲಾಗುತ್ತದೆ. ಕೆಲವು ದಿನಗಳ ನಂತರ ಹೊಸ ಆವೃತ್ತಿ ಅದೇ ಕಾರಿಗೆ ಬರುತ್ತದೆ. ಕೆಲಸದಲ್ಲಿ ಕಷ್ಟವಾದದ್ದು ಯಾವುದೆಂದು ನಾನು ಕೇಳಿದಾಗ ಅವರು ಕೊಟ್ಟ ಉತ್ತರ ನನ್ನ ನಿರೀಕ್ಷೆಯದಾಗಿರಲಿಲ್ಲ. “ಗಾಡಿ ತಪ್ಪು ಮಾಡೋದು ಕಷ್ಟ ಅಲ್ಲ ಸಾರ್. ಹಳೇ ಸಾಫ್ಟ್‌ವೇರ್ ಎಲ್ಲೆಲ್ಲಿ ತಪ್ಪುತ್ತೆ ಅಂತ ನನಗೆ ಬಾಯಿಪಾಠ ಆಗಿತ್ತು. ಹಂಪ್ ಹತ್ರ ಹಿಂಗೆ ಮಾಡುತ್ತೆ, ಆಟೋ ಅಡ್ಡ ಬಂದ್ರೆ ಹಂಗೆ ಮಾಡುತ್ತೆ ಅಂತ. ಅಪ್‌ಡೇಟ್ ಆದ ಮಾರನೇ ದಿನ ಅದೇ ಗಾಡಿ, ಅದೇ ರಸ್ತೆ. ಆದರೆ ಒಳಗಿರೋದು ಬೇರೆ ಡ್ರೈವರು. ಅವನು ಎಲ್ಲಿ ತಪ್ಪುತ್ತಾನೆ ಅಂತ ಯಾರು ಹೇಳ್ತಾರೆ?”

ಈ ಮಾತಿನಲ್ಲಿ ಇಡೀ ವಿಷಯದ ಸಾರವಿದೆ ಎಂದು ನನಗನ್ನಿಸುತ್ತದೆ. ತಂತ್ರಾಂಶದ ಪ್ರತಿ ಪರಿಷ್ಕರಣೆಯೂ ಸುಧಾರಣೆಯೇ ಎಂದು ನಾವು ನಂಬಿದ್ದೇವೆ. ಮೊಬೈಲ್ ಫೋನಿನ ಮಟ್ಟಿಗೆ ಈ ನಂಬಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಒಂದು ದೋಷವನ್ನು ತಿದ್ದುವಾಗ ಮತ್ತೊಂದು ಕಡೆ ಹೊಸ ದೋಷ ಹುಟ್ಟಿಕೊಳ್ಳುವುದು ತಂತ್ರಾಂಶ ಬರೆಯುವ ಎಲ್ಲರಿಗೂ ತಿಳಿದ ಸಂಗತಿ. ಕಾರಿನಲ್ಲಿ ಅಪಾಯ ಇರುವುದು ಕೆಟ್ಟ ತಂತ್ರಾಂಶದಲ್ಲಿ ಮಾತ್ರವಲ್ಲ, ಬದಲಾದ ತಂತ್ರಾಂಶದಲ್ಲಿಯೂ ಇದೆ. ಏಕೆಂದರೆ ಯಂತ್ರ ರಾತ್ರೋರಾತ್ರಿ ಬದಲಾಗುತ್ತದೆ. ಅದರೊಡನೆ ಹೊಂದಿಕೊಂಡ ಮನುಷ್ಯನ ಅಭ್ಯಾಸ ಹಾಗೆ ಬದಲಾಗುವುದಿಲ್ಲ.

ಇದು ಸಂಬಳಕ್ಕಾಗಿ ಪರೀಕ್ಷೆ ನಡೆಸುವವರ ಕಷ್ಟ ಮಾತ್ರ ಎಂದು ನಾನೂ ಭಾವಿಸಿದ್ದೆ. ಆದರೆ ಒಮ್ಮೆ ನನ್ನ ಕಾರನ್ನು ಸರ್ವಿಸಿಗೆ ಬಿಟ್ಟು ಮರಳಿ ತಂದ ಕೆಲವೇ ದಿನಗಳಲ್ಲಿ, ಹೊರವರ್ತುಲ ರಸ್ತೆಯಲ್ಲಿ ಮುಂದೆ ಯಾವ ಅಡ್ಡಿಯೂ ಇಲ್ಲದಿದ್ದಾಗ ಅದು ತಾನಾಗಿಯೇ ಗಕ್ಕನೆ ಬ್ರೇಕ್ ಹಾಕಿತು. ಹಿಂದೆ ಬರುತ್ತಿದ್ದ ಸ್ಕೂಟರ್ ಸವಾರ ಕೂದಲೆಳೆಯ ಅಂತರದಲ್ಲಿ ಪಕ್ಕಕ್ಕೆ ಸರಿದು ಪಾರಾದ. ಆತ ಬೈದದ್ದು ನನ್ನನ್ನು, ಅದು ಸಹಜವೇ. ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದಾಗ, “ಹೊಸ ವರ್ಷನ್ ಹಾಕಿದ್ದೀವಿ ಸಾರ್, ಸ್ವಲ್ಪ ಸೆನ್ಸಿಟಿವ್ ಇರಬಹುದು. ಒಂದೆರಡು ವಾರ ಓಡಿಸಿ, ಅಭ್ಯಾಸ ಆಗುತ್ತೆ” ಎಂಬ ಸಮಾಧಾನ ಸಿಕ್ಕಿತು. ಹೊಸ ಆವೃತ್ತಿ ಹಾಕುವ ಮುನ್ನ ನನ್ನನ್ನು ಯಾರೂ ಕೇಳಿರಲಿಲ್ಲ. ಬದಲಾದದ್ದು ಏನೆಂದು ಹೇಳುವ ಒಂದು ಚೀಟಿಯೂ ಇರಲಿಲ್ಲ. ಅಂದರೆ ಆ ಎರಡು ವಾರ ನಾನೂ ಸಂಬಳವಿಲ್ಲದ ಪರೀಕ್ಷಾ ಚಾಲಕನಾಗಿದ್ದೆ. ಆ ಸ್ಕೂಟರ್ ಸವಾರನಂತೂ ಒಪ್ಪಿಗೆಯಿಲ್ಲದೆ ಪರೀಕ್ಷೆಗೊಳಪಟ್ಟವನು.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗಿನ ಹಂತಗಳಲ್ಲಿ ಅಳೆಯುವುದು ಜಗತ್ತಿನ ರೂಢಿ. ನಮ್ಮ ರಸ್ತೆಗಳಲ್ಲಿ ಮಾರಾಟವಾಗಿ ಓಡುತ್ತಿರುವ ಕಾರುಗಳಲ್ಲಿರುವುದು ಮೊದಲ ಎರಡು ಹಂತಗಳ, ಎಡಿಎಎಸ್ ಎಂದು ಕರೆಯಲಾಗುವ ಚಾಲಕ ಸಹಾಯಕ ವ್ಯವಸ್ಥೆ. 2020ರ ಎಂಜಿ ಗ್ಲಾಸ್ಟರ್, 2021ರ ಮಹೀಂದ್ರ ಎಕ್ಸ್‌ಯುವಿ700 ಮೊದಲಾದ ಕಾರುಗಳೊಂದಿಗೆ ಅದು ಮಧ್ಯಮ ವರ್ಗದ ಮನೆಗಳತ್ತ ಬಂತು. ಪೂರ್ಣ ಚಾಲಕರಹಿತ ಕಾರಿನ ಪ್ರಯೋಗಗಳಿಗೂ ಬೆಂಗಳೂರು ಹೊಸದೇನಲ್ಲ. ಇಲ್ಲಿನ ನವೋದ್ಯಮ ಮೈನಸ್ ಝೀರೊ 2023ರಲ್ಲಿ ತನ್ನ ಮಾದರಿ ವಾಹನವನ್ನು ಪ್ರದರ್ಶಿಸಿತು. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನವರು ಸೇರಿ ರೂಪಿಸಿದ ಕಾರು 2025ರಲ್ಲಿ ಸುದ್ದಿಯಾಯಿತು. ಇನ್ನೊಂದೆಡೆ, ಲಕ್ಷಾಂತರ ಚಾಲಕರ ಜೀವನೋಪಾಯ ಹೋಗುತ್ತದೆಂಬ ಕಾರಣಕ್ಕೆ ಚಾಲಕರಹಿತ ಕಾರುಗಳಿಗೆ ಅವಕಾಶ ನೀಡುವುದಿಲ್ಲವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರಿನಲ್ಲಿ ಹೇಳಿದ್ದರು. ಅವರ ಕಾಳಜಿಯನ್ನು ಗೌರವಿಸಬೇಕು. ಆದರೆ ಸ್ವಯಂಚಾಲನೆ ಹೆಬ್ಬಾಗಿಲಿನಿಂದ ಬರುವುದಿಲ್ಲ. ಒಂದೊಂದೇ ಪರಿಷ್ಕರಣೆಯಾಗಿ, ಕಿಟಕಿಯಿಂದ ಒಳಬರುತ್ತದೆ.

ಈ ಯಂತ್ರಗಳಿಗೆ ನಮ್ಮ ರಸ್ತೆಗಳೇ ಪಠ್ಯಪುಸ್ತಕ ಎಂಬುದಕ್ಕೆ ಒಳ್ಳೆಯ ಸಾಕ್ಷಿಯೊಂದಿದೆ. ಜರ್ಮನಿಯ ನಗರಗಳ ಬೀದಿಗಳನ್ನೇ ಮುಖ್ಯವಾಗಿ ಚಿತ್ರೀಕರಿಸಿದ ‘ಸಿಟಿಸ್ಕೇಪ್ಸ್’ ಎಂಬ ಚಿತ್ರಸಂಗ್ರಹ ಬಹುಕಾಲ ಈ ಕ್ಷೇತ್ರದ ಅಳತೆಗೋಲಾಗಿತ್ತು. ಅದರಲ್ಲಿ ಆಟೊರಿಕ್ಷಾ ಎಂಬ ವರ್ಗವೇ ಇರಲಿಲ್ಲ. ಹೈದರಾಬಾದಿನ ಐಐಐಟಿ 2018ರಲ್ಲಿ ಹೊರತಂದ ‘ಇಂಡಿಯಾ ಡ್ರೈವಿಂಗ್ ಡೇಟಾಸೆಟ್’ ಆ ಕೊರತೆಯನ್ನು ತುಂಬಿತು. ಹೈದರಾಬಾದ್, ಬೆಂಗಳೂರು ಹಾಗೂ ಅವುಗಳ ಹೊರವಲಯದ ರಸ್ತೆಗಳ 182 ಪ್ರಯಾಣಗಳಿಂದ ಸಂಗ್ರಹಿಸಿದ ಸುಮಾರು 10 ಸಾವಿರ ಚಿತ್ರಗಳನ್ನು ಅದು 34 ವರ್ಗಗಳಲ್ಲಿ ಗುರುತಿಸಿತು. ಆಟೊರಿಕ್ಷಾಕ್ಕೂ ಪ್ರಾಣಿಗಳಿಗೂ ಅಲ್ಲಿ ಸ್ಥಾನ ದೊರೆಯಿತು. ಇದು ಹೆಮ್ಮೆಪಡಬೇಕಾದ ಕೆಲಸವೇ. ಆದರೆ ಚಿತ್ರದಲ್ಲಿ ಆಟೊವನ್ನು ಗುರುತಿಸುವುದು ಬೇರೆ, ಆ ಆಟೊ ಸವಾರಿ ಕಂಡ ಕೂಡಲೇ ಎಡಕ್ಕೆ ಎಳೆದು ನಿಲ್ಲುತ್ತದೆಂದು ಊಹಿಸುವುದು ಬೇರೆ. ಎರಡನೆಯದನ್ನು ಕಲಿಸಲು ಯಂತ್ರವನ್ನು ರಸ್ತೆಗೆ ತರಲೇಬೇಕು, ಅದರ ಪಕ್ಕದಲ್ಲಿ ಮನುಷ್ಯನನ್ನು ಕೂರಿಸಲೇಬೇಕು.

ಹಾಗೆ ಕೂರಿಸಿದ ಮನುಷ್ಯನ ಪಾಡೇನಾಗಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಪಾಠವಾಗಬೇಕು. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ಉಬರ್ ಕಂಪನಿಯ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಆಕೆ ಮೃತಪಟ್ಟರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಹೊರಬಂದ ಸಂಗತಿಗಳು ಬೆಚ್ಚಿಬೀಳಿಸುವಂಥವು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಯಂತ್ರ ಆಕೆಯನ್ನು ಕಂಡಿತ್ತು. ಆದರೆ ಒಮ್ಮೆ ವಾಹನವೆಂದು, ಒಮ್ಮೆ ಬೇರೇನೋ ಎಂದು, ಒಮ್ಮೆ ಸೈಕಲ್ ಎಂದು ತೀರ್ಮಾನ ಬದಲಿಸುತ್ತಲೇ ಹೋಯಿತು. ನಿಗದಿತ ಸ್ಥಳ ಬಿಟ್ಟು ಬೇರೆಡೆ ಜನ ರಸ್ತೆ ದಾಟಬಹುದು ಎಂಬುದನ್ನೇ ಆ ವ್ಯವಸ್ಥೆಯ ವಿನ್ಯಾಸ ಪರಿಗಣಿಸಿರಲಿಲ್ಲ. ಕಾರಿನಲ್ಲಿ ಇಬ್ಬರ ಬದಲು ಒಬ್ಬರನ್ನೇ ಕೂರಿಸುವ ಪದ್ಧತಿಗೆ ಕಂಪನಿ ಅದಕ್ಕೂ ಮೊದಲೇ ಇಳಿದಿತ್ತು. ಆ ಒಬ್ಬ ಚಾಲಕಿ ಮೊಬೈಲ್ ನೋಡುತ್ತಿದ್ದುದು ನಿಜ, ಅದು ತಪ್ಪೇ. ಆದರೆ ಕಂಪನಿಯ ಸುರಕ್ಷತಾ ವ್ಯವಸ್ಥೆ ಸಾಲದಾಗಿತ್ತೆಂದೂ ಮಂಡಳಿ ಸ್ಪಷ್ಟವಾಗಿ ಹೇಳಿತು. ಕೊನೆಗೆ ಆದದ್ದೇನು? ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು 2019ರಲ್ಲಿ ಅಲ್ಲಿನ ಸರ್ಕಾರಿ ವಕೀಲರು ತೀರ್ಮಾನಿಸಿದರು. 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್ ಶಿಕ್ಷೆಗೊಳಗಾದವರು ಚಾಲಕಿ ಮಾತ್ರ.

ನಿಗದಿತ ಸ್ಥಳದಲ್ಲೇ ರಸ್ತೆ ದಾಟುವ ಜನರನ್ನು ತಣಿಸಂದ್ರದಲ್ಲಿ ಹುಡುಕಿದರೆ ಎಷ್ಟು ಮಂದಿ ಸಿಕ್ಕಾರು? ದಾಟಲು ಗುರುತಾದ ಜಾಗವೇ ಅಪರೂಪವಾಗಿರುವಾಗ ಅವರನ್ನು ದೂರುವುದಾದರೂ ಹೇಗೆ?

ಮಾರಾಟವಾದ ಕಾರುಗಳ ಕಥೆಯೂ ಇದಕ್ಕಿಂತ ತೀರಾ ಬೇರೆಯಲ್ಲ. ಟೆಸ್ಲಾ ಕಂಪನಿ 2020ರ ಅಕ್ಟೋಬರಿನಿಂದ ತನ್ನ ಸ್ವಯಂಚಾಲನಾ ತಂತ್ರಾಂಶದ ಪ್ರಾಯೋಗಿಕ ಆವೃತ್ತಿಯನ್ನು ಸಾಮಾನ್ಯ ಗ್ರಾಹಕರ ಕೈಗೇ ಕೊಡಲಾರಂಭಿಸಿತು. ‘ನಿಲ್ಲಿ’ ಫಲಕವಿರುವಲ್ಲಿ ಪೂರ್ಣ ನಿಲ್ಲದೆ ಮುಂದುವರಿಯುವುದೂ ಸೇರಿದಂತೆ ಹಲವು ದೋಷಗಳಿಗಾಗಿ 2023ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 3,62,758 ಕಾರುಗಳನ್ನು ‘ಹಿಂಪಡೆಯ’ಬೇಕಾಯಿತು. ಈ ಹಿಂಪಡೆಯುವಿಕೆಯೂ ಇನ್ನೊಂದು ಪರಿಷ್ಕರಣೆಯೇ!

ನಮ್ಮ ಕಾನೂನು ಏನು ಹೇಳುತ್ತದೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 2ಬಿ ಕಲಂ, ಸಂಶೋಧನೆ ಮತ್ತು ನಾವೀನ್ಯದ ಉತ್ತೇಜನಕ್ಕಾಗಿ ಕೆಲವು ಬಗೆಯ ವಾಹನಗಳಿಗೆ ಕಾಯ್ದೆಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ತಯಾರಕರಿಗೆ ವಿನಾಯಿತಿಯ ಬಾಗಿಲು ಹೀಗೆ ಸಿದ್ಧವಿದೆ. ಚಾಲಕನಿಗೆ ಅಂಥ ಬಾಗಿಲು ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಹಳೆಯ ಸಂಹಿತೆಯಲ್ಲಿ ಇದು ಎರಡು ವರ್ಷವಾಗಿತ್ತು. ಅಪಘಾತವಾದ ಸ್ಥಳದಲ್ಲಿ ಪೊಲೀಸರು ಬರೆದುಕೊಳ್ಳುವುದು ಸ್ಟಿಯರಿಂಗ್ ಹಿಂದೆ ಕುಳಿತವನ ಹೆಸರನ್ನು. ತಂತ್ರಾಂಶದ ಆವೃತ್ತಿಯ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ.

ಹಾಗೆಂದ ಮಾತ್ರಕ್ಕೆ ನಾನು ತಂತ್ರಜ್ಞಾನದ ವಿರೋಧಿಯಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಸಕಾಲದಲ್ಲಿ ಬ್ರೇಕ್ ಹಾಕುವ ಯಂತ್ರ ಇವರಲ್ಲಿ ಕೆಲವರನ್ನಾದರೂ ಉಳಿಸಬಹುದಾದರೆ ಅದನ್ನು ಬೇಡವೆನ್ನುವುದು ಅವಿವೇಕ. ಯಂತ್ರ ಕಲಿಯಲಿ. ಆದರೆ ಕಲಿಕೆಯ ಶುಲ್ಕವನ್ನು ತಿಂಗಳ ಸಂಬಳದ ಚಾಲಕನೂ ರಸ್ತೆ ದಾಟುವ ಪಾದಚಾರಿಯೂ ಕಟ್ಟುವಂತಾಗಬಾರದು.

ಇದಕ್ಕೆ ದಾರಿಗಳಿಲ್ಲದೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಾ ಪರವಾನಗಿ ಪಡೆದ ಕಂಪನಿಗಳು, ಯಂತ್ರದ ಕೈಯಿಂದ ಚಾಲಕ ಹಿಡಿತ ಕಸಿದುಕೊಂಡ ಸಂದರ್ಭಗಳ ವರದಿಯನ್ನು ವರ್ಷವರ್ಷವೂ ಸಲ್ಲಿಸುತ್ತ ಬಂದಿವೆ; ಅದನ್ನು ಸಾರ್ವಜನಿಕರೂ ಓದಬಹುದು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದಲ್ಲಿ 2020ರಲ್ಲಿ ಅಂಗೀಕಾರವಾದ 156ನೇ ನಿಯಮವು ಯಾವ ವಾಹನದಲ್ಲಿ ಯಾವ ಆವೃತ್ತಿಯಿದೆ ಎಂಬುದರ ದಾಖಲೆಯನ್ನೂ, ಪರಿಷ್ಕರಣೆಯಿಂದ ಸುರಕ್ಷತೆಗಾಗುವ ಪರಿಣಾಮದ ಪರಿಶೀಲನೆಯನ್ನೂ, ಬಳಕೆದಾರನಿಗೆ ಮಾಹಿತಿ ನೀಡುವುದನ್ನೂ ತಯಾರಕರ ಕರ್ತವ್ಯವಾಗಿಸಿದೆ. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನುಮೋದಿತ ವಾಹನ ತಾನೇ ಚಲಿಸುತ್ತಿರುವಾಗ ಚಾಲನೆಯ ತಪ್ಪಿಗೆ ಸೀಟಿನಲ್ಲಿರುವವರನ್ನು ಹೊಣೆಯಾಗಿಸದೆ, ಆ ವ್ಯವಸ್ಥೆಗೆ ಅನುಮೋದನೆ ಪಡೆದ ಸಂಸ್ಥೆಯನ್ನೇ ಉತ್ತರದಾಯಿಯಾಗಿಸುತ್ತದೆ.

ದೇಶದ ತಂತ್ರಾಂಶ ರಾಜಧಾನಿ ಎನಿಸಿಕೊಂಡ ನಗರವಿರುವ ಕರ್ನಾಟಕವೇ ಈ ವಿಷಯದಲ್ಲಿ ಮೊದಲ ದನಿ ಎತ್ತುವುದು ಉಚಿತ. ನಾಲ್ಕು ಸಂಗತಿಗಳು ತುರ್ತಾಗಿ ಆಗಬೇಕು. ಮೊದಲನೆಯದಾಗಿ, ಸಾರ್ವಜನಿಕ ರಸ್ತೆಯಲ್ಲಿ ಪರೀಕ್ಷೆಗಿಳಿಯುವ ಕಾರಿನ ಮೇಲೆ ಅದು ಪರೀಕ್ಷಾ ವಾಹನವೆಂದು ಕನ್ನಡದಲ್ಲಿ, ಎದ್ದು ಕಾಣುವಂತೆ ಬರೆದಿರಬೇಕು. ಯಾವ ರಸ್ತೆಯಲ್ಲಿ, ಯಾವ ಅವಧಿಯಲ್ಲಿ ಪರೀಕ್ಷೆ ನಡೆಯುತ್ತದೆಂಬುದು ಸಾರಿಗೆ ಇಲಾಖೆಗೂ ಸಂಚಾರ ಪೊಲೀಸರಿಗೂ ತಿಳಿದಿರಬೇಕು. ಎರಡನೆಯದಾಗಿ, ಹೊಸ ಆವೃತ್ತಿಯನ್ನು ಮೊದಲು ಮುಚ್ಚಿದ ಆವರಣದಲ್ಲಿ ಅದೇ ಚಾಲಕನಿಗೆ ಪರಿಚಯಿಸಿ, ಬಳಿಕವಷ್ಟೇ ರಸ್ತೆಗೆ ಬಿಡಬೇಕು. ಈ ಆವೃತ್ತಿ ನಂಬಿಕೆಗೆ ಅರ್ಹವಲ್ಲ ಎಂದು ಚಾಲಕ ನಿರಾಕರಿಸಿದರೆ ಅವನ ಕೆಲಸಕ್ಕೆ ಕುತ್ತು ಬರಬಾರದು. ಎವೆಯಿಕ್ಕದೆ ಯಂತ್ರವನ್ನು ಕಾಯುವುದು ಸ್ವತಃ ಓಡಿಸುವುದಕ್ಕಿಂತ ದಣಿವಿನ ಕೆಲಸವಾದ್ದರಿಂದ ಅವನ ದುಡಿಮೆಯ ಗಂಟೆಗಳಿಗೂ ಮಿತಿ ಬೇಕು. ಮೂರನೆಯದಾಗಿ, ಖಾಸಗಿ ಕಾರುಗಳ ಸುರಕ್ಷತೆಗೆ ಸಂಬಂಧಿಸಿದ ಪ್ರತಿ ಬದಲಾವಣೆಯನ್ನೂ ಮಾಲೀಕನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಿಳಿಸಿ, ಒಪ್ಪಿಗೆ ಪಡೆಯಬೇಕು. ಕೊನೆಯದಾಗಿ, ಅಪಘಾತದ ತನಿಖೆಯಲ್ಲಿ ತಂತ್ರಾಂಶದ ಆವೃತ್ತಿ ಹಾಗೂ ಕಾರಿನ ದಾಖಲೆಗಳನ್ನು ವಶಪಡಿಸಿಕೊಂಡು ಪರಿಶೀಲಿಸುವುದು ಕಡ್ಡಾಯವಾಗಬೇಕು. ಅದಾಗುವವರೆಗೆ ಎಲ್ಲ ತಪ್ಪನ್ನೂ ಚಾಲಕನ ತಲೆಗೇ ಕಟ್ಟುವುದು ನ್ಯಾಯವೆನಿಸದು.

ನಮ್ಮ ಬಡಾವಣೆಯ ಆ ಚಾಲಕರು ಈಗ ಪರೀಕ್ಷಾ ಕಾರಿನ ಕೆಲಸ ಬಿಟ್ಟು ಶಾಲಾ ವ್ಯಾನ್ ಓಡಿಸುತ್ತಿದ್ದಾರೆ. ಸಂಬಳ ಮೊದಲಿಗಿಂತ ಕಡಿಮೆಯಂತೆ. ಕಾರಣ ಕೇಳಿದೆ. “ಇಲ್ಲಿ ತಪ್ಪಾದ್ರೆ ನನ್ನದೇ ತಪ್ಪು ಸಾರ್, ಒಪ್ಕೋತೀನಿ. ಅಲ್ಲಿ ಯಾರದೋ ತಪ್ಪಿಗೆ ನಾನು ಒಪ್ಕೋಬೇಕಿತ್ತು” ಎಂದರು. ತಾವು ತಿದ್ದಿದ ತಂತ್ರಾಂಶ ಮುಂದೊಂದು ದಿನ ಎಷ್ಟೋ ಜನರ ಜೀವ ಉಳಿಸಬಹುದು ಎಂಬುದರ ಬಗ್ಗೆ ಅವರಿಗೆ ಹೆಮ್ಮೆಯಿದೆ. ಯಂತ್ರಕ್ಕೆ ಪಾಠ ಹೇಳಿದ ಇಂಥ ಮೇಷ್ಟರುಗಳನ್ನು ಕಳೆದುಕೊಳ್ಳದಿರುವ ಜವಾಬ್ದಾರಿ ಕಂಪನಿಗಳದೂ ಹೌದು, ಸರ್ಕಾರದ್ದೂ ಹೌದು.