ಕೀಟನಾಶಕವೂ ಕ್ಯಾನ್ಸರ್ ಭೀತಿಯೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನುಂಡು ಬೆಳೆಯುವ ಸಿದ್ದಾಪುರದ ಭತ್ತದ ಗದ್ದೆಗಳು ನೋಡುವವರ ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ. ಆದರೆ ಕಂದು ಜಿಗಿಹುಳು, ಕಾಂಡಕೊರಕ ಮುಂತಾದ ಕೀಟಗಳಿಂದ ಈ ಪೈರನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಆದುದರಿಂದ ರೈತನು ಕೀಟನಾಶಕದ ಮೊರೆಹೋಗುತ್ತಾನೆ. ಅದನ್ನು ‘ಎಣ್ಣೆ’ ಎಂದು ಕರೆಯುವ ರೂಢಿಯೂ ಉಂಟು. ಹೆಸರು ಎಷ್ಟು ಸೌಮ್ಯವಾಗಿದ್ದರೂ ವಸ್ತು ಮಾತ್ರ ವಿಷವೇ.

ಇಂತಹ ವಿಷಗಳಿಂದ ಕ್ಯಾನ್ಸರ್ ಬರುವುದೇ? ಬೆಳೆಗಳ ರಕ್ಷಣೆಗೂ ಸೊಳ್ಳೆಗಳ ನಿವಾರಣೆಗೂ ಬಹುಕಾಲದಿಂದ ಬಳಕೆಯಾಗಿರುವ ಮೆಲಾಥಿಯಾನ್ ಕುರಿತು ತಜ್ಞರು ನೀಡಿದ ಉತ್ತರಗಳು ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿವೆ. 2015ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಾಕಷ್ಟು ಆಧಾರವೂ ಮಾನವರಲ್ಲಿ ಸೀಮಿತವಾದ ಆಧಾರವೂ ದೊರೆತಿದ್ದುವು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಜಂಟಿ ತಜ್ಞರ ಸಭೆಯು, ಆಹಾರದ ಮೂಲಕ ದೇಹವನ್ನು ಸೇರುವ ಮೆಲಾಥಿಯಾನ್‌ನಿಂದ ಕ್ಯಾನ್ಸರ್ ಬರುವ ಸಂಭವ ಕಡಿಮೆಯೆಂದು ತಿಳಿಸಿತು.

ಇವೆರಡರಲ್ಲಿ ಯಾವುದು ಸತ್ಯ? ವಿಚಾರಮಾಡಿದರೆ ಎರಡೂ ಸತ್ಯವಾಗಿರಬಹುದು. ತುಂಬಿ ಹರಿಯುವ ಕಾಲುವೆಯು ಮನುಷ್ಯನನ್ನು ಮುಳುಗಿಸಬಲ್ಲದು. ಅದು ಅದರ ಗುಣ. ಆದರೆ ದಂಡೆಯಿಂದ ದೂರದಲ್ಲಿ ನಡೆಯುವವನಿಗೂ, ಈಜು ಬಾರದೆ ನೀರಿಗಿಳಿಯುವವನಿಗೂ ಅಪಾಯದ ಪ್ರಮಾಣ ಒಂದೇ ಅಲ್ಲ. ಮೊದಲ ಸಂಸ್ಥೆ ಅಳೆದದ್ದು ವಸ್ತುವಿನ ಗುಣವನ್ನು. ಎರಡನೆಯ ಸಭೆ ಅಳೆದದ್ದು ಉಣ್ಣುವವನಿಗೆ ಒದಗಬಹುದಾದ ಅಪಾಯವನ್ನು.

ಉಣ್ಣುವವನಿಗೆ ದೊರೆತ ಈ ಅಭಯವು ಸಿಂಪಡಿಸುವವನಿಗೂ ದೊರೆತಂತಾಗದು. ಬೆನ್ನಿಗೆ ಪಂಪನ್ನು ಹೊತ್ತು, ಬರಿಗಾಲಿನಲ್ಲಿ ಕೆಸರನ್ನು ತುಳಿಯುತ್ತ, ಗಾಳಿಗೆ ಎದುರಾಗಿ ಔಷಧಿ ಹೊಡೆಯುವ ಕೂಲಿಕಾರನ ಚರ್ಮವನ್ನೂ ಉಸಿರನ್ನೂ ಸೇರುವ ವಿಷದ ಲೆಕ್ಕವೇ ಬೇರೆ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತುಗಳು ತಕ್ಷಣದ ವಿಷತ್ವವನ್ನು ಸೂಚಿಸುತ್ತವೆಯೇ ಹೊರತು, ಹಲವು ವರ್ಷಗಳ ನಂತರ ಕಾಣಿಸಿಕೊಳ್ಳಬಹುದಾದ ರೋಗವನ್ನಲ್ಲ. ಹಸಿರು ಗುರುತನ್ನು ಕಂಡು ನಿಶ್ಚಿಂತನಾಗುವುದು ವಿವೇಕವೆನಿಸದು.

ಸಂಪೂರ್ಣ ಪುರಾವೆ ದೊರೆಯುವವರೆಗೆ ಕಾಯುವುದೆಂದರೆ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆಯೇ ಸರಿ. ಕೈಗವಸು, ಮುಖವಾಡ, ಮೈತುಂಬ ಬಟ್ಟೆಗಳನ್ನು ಕೂಲಿಕಾರನಿಗೆ ಒದಗಿಸುವುದು ದಯೆಯಲ್ಲ, ಕೆಲಸ ಮಾಡಿಸುವವನ ಕರ್ತವ್ಯ. ಜಿಗಿಹುಳುಗಳನ್ನು ತಿನ್ನುವ ಜೇಡಗಳನ್ನು ಉಳಿಸಿಕೊಂಡು, ಕೀಟದ ಬಾಧೆಯನ್ನು ಕಣ್ಣಾರೆ ಕಂಡ ಮೇಲೆಯೇ ಮಿತವಾಗಿ ಸಿಂಪಡಿಸುವುದು ಜಾಣತನ. ನಾಡಿಗೆ ಅನ್ನವನ್ನೀಯುವ ಕೈಗಳು ಆ ಅನ್ನಕ್ಕಾಗಿ ತಮ್ಮ ಆರೋಗ್ಯವನ್ನು ತೆರಬೇಕಾಗಿ ಬರಬಾರದು.