ಸೂಪರ್ ಹೀರೋ ಸೋತರೆ ಸೋಮನಹಳ್ಳಿಯವರು ಹೊಣೆಯಾ?

"ನಮ್ ಜನಕ್ಕೆ ಸೂಪರ್ ಹೀರೋ ಸಿನಿಮಾ ಅರ್ಥ ಆಗಲ್ಲ ಮಾರಾಯ, ಅದಕ್ಕೆಲ್ಲ ಕಾಮಿಕ್ಸ್ ಓದಿ ಬೆಳೆದಿರಬೇಕು." ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಿಮ್ಮಲ್ಲೂ ಕೆಲವರು ಹೀಗೇ ಅಂತೀರಿ ಅಂತ ಗೊತ್ತು. ಹಾಗಾಗಿ ಖಾರ ಸ್ವಲ್ಪ ಜಾಸ್ತಿಯಾದರೆ ಬೇಜಾರಾಗಬೇಡಿ :)

ನಮ್ಮೂರು ಸೋಮನಹಳ್ಳಿ. ಕನಕಪುರ ರಸ್ತೆಯದಲ್ಲ, ಮದ್ದೂರು ತಾಲ್ಲೂಕಿನದು, ಎಸ್.ಎಂ. ಕೃಷ್ಣ ಅವರ ಊರು. ಈ ಸೀಮೆಯಲ್ಲಿ ಪಾತ್ರಕ್ಕೆ ಕೈಯಿಂದ ದುಡ್ಡು ಕೊಟ್ಟು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು ಕುರುಕ್ಷೇತ್ರ ನಾಟಕ ಆಡ್ತಾರೆ. ನೋಡೋರು ಬೆಳಗಿನ ಜಾವದವರೆಗೂ ಕದಲಲ್ಲ. ಭೀಮನ ಬಲ, ಕರ್ಣನ ಕವಚ, ಘಟೋತ್ಕಚನ ಮಾಯೆ.. ಯಾವುದಕ್ಕೂ ಅವರು ಲಾಜಿಕ್ ಕೇಳಿದವರಲ್ಲ. ಇಂಥವರಿಗೆ ಕಲ್ಪನೆ ಕಮ್ಮಿ ಅಂದ್ರೆ ನಗು ಬರುತ್ತೆ.

ಹಾಗಾದರೆ ತೊಡಕು ಎಲ್ಲಿ? ಕಳೆದ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ 'ದಿ ಮಾರ್ವೆಲ್ಸ್' (2023) ಹಾಕಿ ಅಪ್ಪನನ್ನು ಪಕ್ಕ ಕೂರಿಸಿಕೊಂಡೆ. ಮಾತನ್ನೆಲ್ಲ ನಾನೇ ಕನ್ನಡದಲ್ಲಿ ಹೇಳ್ತಾ ಇದ್ದೆ. ಅರ್ಧ ಗಂಟೆ ಸುಮ್ಮನೆ ನೋಡಿದ ಅಪ್ಪ, "ಯಾರ್ಗೋಸ್ಕರ ಬಡ್ದಾಡ್ತಾವ್ರ್ಲಾ ಇವ್ರು?" ಅಂದು ಹಸು ಕರೆಯೋಕೆ ಎದ್ದರು. ನಾನು ವಿವರಿಸೋಕೆ ಹೊರಟೆ: ಮೊದಲು 'ಕ್ಯಾಪ್ಟನ್ ಮಾರ್ವೆಲ್' ನೋಡಿರಬೇಕು, ಆಮೇಲೆ 'ವಾಂಡಾವಿಷನ್', 'ಮಿಸ್ ಮಾರ್ವೆಲ್' ಅನ್ನೋ ಎರಡು ಸರಣಿ... ಹೇಳ್ತಾ ಹೇಳ್ತಾ ನನಗೇ ನಾಚಿಕೆಯಾಯ್ತು. ಹತ್ತು ಲೈಬ್ರರಿ ಇನ್‌ಸ್ಟಾಲ್ ಮಾಡಿದ ಮೇಲಷ್ಟೇ ಓಡೋ ಸಾಫ್ಟ್‌ವೇರ್ ಕೊಟ್ಟು, ಬೈದ ಗ್ರಾಹಕನಿಗೆ 'ನಿಮಗೆ ಅರ್ಹತೆ ಇಲ್ಲ' ಅಂದ್ರೆ ನನ್ನ ಕೆಲಸ ಉಳಿಯುತ್ತಾ? ಅಂದಹಾಗೆ, ಅದುವರೆಗಿನ ಮಾರ್ವೆಲ್ ಸ್ಟುಡಿಯೋಸ್ ಚಿತ್ರಗಳಲ್ಲೇ ಕಡಿಮೆ ಗಳಿಸಿದ್ದು ಅದು. ಅಮೆರಿಕದವರೆಲ್ಲ ಸೋಮನಹಳ್ಳಿಯವರಾ?

2002ರ 'ಸ್ಪೈಡರ್ ಮ್ಯಾನ್' ಕೂಡ ಕಾಮಿಕ್ಸಿನಿಂದ ಬಂದದ್ದೇ. ಹುಡುಗ ಬೇಕಂತಲೇ ಓಡಿಹೋಗಲು ಬಿಟ್ಟ ಕಳ್ಳನೇ ಅವನನ್ನು ಸಾಕಿದ ದೊಡ್ಡಪ್ಪನನ್ನು ಕೊಲ್ತಾನೆ. ಇದು ಅರ್ಥವಾಗೋಕೆ ಯಾವ ಕಾಮಿಕ್ಸ್ ಓದಬೇಕು? 1968ರ 'ಜೇಡರ ಬಲೆ'ಯಲ್ಲಿ ರಾಜಕುಮಾರ್ ಬಾಂಡ್ ಥರದ ಪತ್ತೇದಾರನಾದಾಗಲೂ ಇಯಾನ್ ಫ್ಲೆಮಿಂಗ್ ಓದಿಕೊಂಡು ಬನ್ನಿ ಅಂತ ಯಾರೂ ಅನ್ನಲಿಲ್ಲ.

ಮಲಯಾಳಂನ 'ಮಿನ್ನಲ್ ಮುರಳಿ'ಯಲ್ಲಿ (2021) ಸಿಡಿಲು ಬಡಿದು ಶಕ್ತಿ ಬರೋದು ಇಬ್ಬರಿಗೆ. ಒಬ್ಬ ಅಮೆರಿಕದ ಕನಸು ಕಾಣೋ ದರ್ಜಿ, ಇನ್ನೊಬ್ಬ ಚಹಾ ಅಂಗಡಿಯಲ್ಲಿ ದುಡಿಯೋನು. ಖಳನಾಯಕ ಆ ಎರಡನೆಯವನೇ, ಆದರೂ ಅವನ ಪ್ರೀತಿ ನೋಡಿದರೆ ಹೊಟ್ಟೆ ಚುರ್ ಅನ್ನುತ್ತೆ. ಅಪ್ಪ ಅದನ್ನ ಕನ್ನಡದಲ್ಲಿ ಕೊನೆವರೆಗೂ ನೋಡಿದರು. ಡೇರಿಗೆ ಹಾಲು ತಡವಾಯ್ತು.

ಹೌದು, ಕನ್ನಡದಲ್ಲಿ! 2019ರಲ್ಲಿ 'ಅವೆಂಜರ್ಸ್ ಎಂಡ್‌ಗೇಮ್' ಥಿಯೇಟರಿಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್‌ಗೆ ಅಡ್ಡಿ ಮಾಡೋದು ತಪ್ಪು ಅಂತ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ಕೊಟ್ಟಿತ್ತು. ತಿಳಿಯದ ಭಾಷೆಯಲ್ಲಿ ತೋರಿಸಿ ಆಮೇಲೆ 'ಇವರಿಗೆ ತಿಳಿಯಲ್ಲ' ಅನ್ನೋದು ಯಾವ ನ್ಯಾಯ ಸ್ವಾಮಿ? ನಾನೂ ಚಿಕ್ಕವನಿದ್ದಾಗ 'ಶಕ್ತಿಮಾನ್' ನೋಡಿದ್ದು ಹಿಂದಿಯಲ್ಲೇ, ಅರ್ಧ ಊಹೆಯ ಮೇಲೆ.

ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದರು, ಆ ದರ್ಜಿ ಹುಡುಗನ ಎರಡನೇ ಭಾಗ ಬಂತಾ ಅಂತ.